ಕಮಲಾಪುರದ ಕೆಳಗಿನ ಓಣಿಗೆ ಚಿತ್ರ ಹಿಡಿಯುತ್ತದೋ ಇಲ್ಲವೋ

ಡಿಪ್ಲೊಮಾ ಮುಗಿದ ವರ್ಷವೇ ನನಗೆ ಕಲಬುರಗಿಯ ಒಂದು ಟಿ.ವಿ. ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಎಂಬತ್ತರ ದಶಕದ ನಡುಭಾಗ ಅದು. ಜೇವರ್ಗಿ ಕಾಲೋನಿಯ ನಮ್ಮ ಮನೆಯಿಂದ ದಿನಾ ಸೈಕಲ್ ಮೇಲೆ ಹೋಗುತ್ತಿದ್ದೆ. ಹೆಣ್ಣುಮಗಳು ಅಂಗಡಿಯಲ್ಲಿ ಕೂಡುವುದು ಅಪ್ಪನಿಗೆ ಅಷ್ಟಾಗಿ ಹಿಡಿಸಿರಲಿಲ್ಲ. ಬ್ಯಾಂಕಿನ ಪರೀಕ್ಷೆ ಬರೆಯುವ ತನಕ ಎಂದು ಒಪ್ಪಿಕೊಂಡರು. ಆ ಪರೀಕ್ಷೆಯನ್ನು ನಾನು ಎರಡು ಸಲ ಬರೆದೆ, ಎರಡು ಸಲವೂ ಆಗಲಿಲ್ಲ. ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ.

ಟಿ.ವಿ. ಹಚ್ಚಿ ತೋರಿಸುವುದು, ಯಾವ ಗುಂಡಿ ತಿರುವಿದರೆ ಏನಾಗುತ್ತದೆ ಎಂದು ಹೇಳಿಕೊಡುವುದು, ಸಣ್ಣಪುಟ್ಟ ದುರಸ್ತಿ, ಇಷ್ಟು ನನ್ನ ಕೆಲಸ. ಮನೆಗಳ ಮಾಳಿಗೆ ಹತ್ತಿ ಅಂಟೆನಾ ನಿಲ್ಲಿಸುವವರು ಬೇರೆ. ಐವತ್ತು ದಾಟಿದ, ಗಡ್ಡಕ್ಕೆ ಮೆಹಂದಿ ಹಚ್ಚುತ್ತಿದ್ದ ಒಬ್ಬ ಹಿರಿಯರು. ಮನೆಯಲ್ಲಿ ದಖನಿ ಮಾತಾಡುತ್ತಿದ್ದರು, ಅಂಗಡಿಯಲ್ಲಿ ಅರ್ಧ ಉರ್ದು ಅರ್ಧ ಕನ್ನಡ. ಎಲ್ಲರೂ ಅವರನ್ನು ಚಾಚಾ ಅನ್ನುತ್ತಿದ್ದರು, ನಾನೂ ಅದನ್ನೇ ರೂಢಿ ಮಾಡಿಕೊಂಡೆ.

ನಾನು ಸೇರಿದ ಕೆಲವೇ ವಾರಕ್ಕೆ ಹಳ್ಳಿಯ ಒಬ್ಬ ಗಿರಾಕಿ ತನ್ನ ಟಿ.ವಿ.ಯನ್ನು ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ಹೊತ್ತು ತಂದು ನಮ್ಮ ಕಟ್ಟೆಯ ಮೇಲೆ ಇಟ್ಟ. "ನಿಮ್ಮ ಅಂಗಡ್ಯಾಗ ಮಂದಿ ಕುಣೀತಾರ, ಹಾಡ್ತಾರ. ನಮ್ಮ ಮನ್ಯಾಗ ಬರೇ ಮಳಿ ಸುರೀತದ. ಈ ಮಳಿ ನೋಡಾಕ ನಾ ಇಷ್ಟು ದೂರ ಬಂದಿದ್ದೆನೇನ್ರಿ?" ಎಂದ. ಅಂಗಡಿ ತುಂಬ ಜನ. ಮಾಲಕರ ಮುಖ ಸಣ್ಣದಾಯಿತು. ಸೆಟ್ಟಿನಲ್ಲಿ ದೋಷವಿರಲಿಲ್ಲ. ಅವನ ಊರು ತಗ್ಗಿನಲ್ಲಿತ್ತು. ನಮ್ಮ ಊರಿನ ದೂರದರ್ಶನ ಟವರಿನಿಂದ ಹೊರಟ ತರಂಗ ಅವನ ಮನೆಯ ನೆತ್ತಿಯ ಮೇಲಿಂದ ಹಾಯ್ದು ಹೋಗುತ್ತಿತ್ತು, ಅಷ್ಟೆ.

ಅವತ್ತಿನಿಂದ ನಾನು ಮಾರುವ ಮೊದಲೇ ಕೇಳಲು ಶುರುಮಾಡಿದೆ. ನಿಮ್ಮ ಊರು ಯಾವುದು, ಮನೆ ಏರಿನಲ್ಲಿದೆಯೋ ತಗ್ಗಿನಲ್ಲಿದೆಯೋ, ಮಾಳಿಗೆಯ ಮೇಲೆ ನಿಂತು ಕಲಬುರಗಿ ಕಡೆ ನೋಡಿದರೆ ಏನು ಕಾಣುತ್ತದೆ, ಓಣಿಯಲ್ಲಿ ಬೇರೆ ಯಾರ ಮನೆಯಲ್ಲಾದರೂ ಟಿ.ವಿ. ಇದೆಯೇ. ಒಂದು ಉದ್ದನೆಯ ರಿಜಿಸ್ಟರ್ ಹಾಕಿಕೊಂಡೆ. ಚಾಚಾ ಊರಿಗೆ ಹೋಗಿ ಬಂದಾಗಲೆಲ್ಲ ಎಷ್ಟು ಪೈಪು ನಿಲ್ಲಿಸಿದರು, ಚಿತ್ರ ಹೇಗೆ ಬಂತು, ಧ್ವನಿ ಹೇಗೆ ಬಂತು ಎಂದು ಕೇಳಿ ಬರೆದುಕೊಳ್ಳುತ್ತಿದ್ದೆ. ಐದಕ್ಕೆ ಇಷ್ಟು ಎಂದು ಅಂಕ. ನನಗೆ ಓದಿಸಿದ ಮೇಷ್ಟ್ರೊಬ್ಬರು ಏರುತಗ್ಗುಗಳ ಗೆರೆ ಇರುವ ಒಂದು ಹಳೆಯ ನಕಾಶೆ ಕೊಟ್ಟರು. ಅದನ್ನು ಕೌಂಟರಿನ ಗಾಜಿನ ಕೆಳಗೆ ಹಾಸಿ, ಹಿಡಿಯುವ ಕಡೆ ಹಸಿರು ಪೆನ್ಸಿಲಿನಿಂದ, ಹಿಡಿಯದ ಕಡೆ ಕೆಂಪಿನಿಂದ ಗುರುತು ಹಾಕುತ್ತ ಹೋದೆ.

ಮೊದಮೊದಲು ಮಾಲಕರಿಗೆ ಸಿಟ್ಟು ಬಂತು. ಮನೆಗೆ ಬಂದ ಲಕ್ಷ್ಮಿಯನ್ನು ಹೊರಗೆ ಕಳಿಸುತ್ತಾಳೆ ಎಂದರು. ಆದರೆ ಒಂದೆರಡು ವರ್ಷದಲ್ಲಿ ಜನರೇ "ಆ ಅಂಗಡಿ ಅಕ್ಕಾರು ಹೂಂ ಅಂದ್ರ ಮಾತ್ರ ತೊಗೊ" ಎಂದು ಒಬ್ಬರಿಗೊಬ್ಬರು ಹೇಳಿ ಕಳಿಸತೊಡಗಿದಾಗ ಸುಮ್ಮನಾದರು. ಸುಳ್ಳೇಕೆ ಹೇಳಲಿ, ನನಗೆ ಆ ಹೆಸರು ಬಹಳ ಹಿಡಿಸಿತ್ತು. ಇಪ್ಪತ್ತೈದರೊಳಗಿನ ಹುಡುಗಿ ಒಂದು ಮಾತು ಹೇಳಿದರೆ ತಲೆಗೆ ರುಮಾಲು ಸುತ್ತಿದ ಹಿರಿಯರು ತಲೆಯಾಡಿಸಿ ಎದ್ದು ಹೋಗುತ್ತಿದ್ದರು.

ಕಮಲಾಪುರದ ದರ್ಜಿ ಬಂದದ್ದು ಆ ಸೊಕ್ಕಿನ ಕಾಲದಲ್ಲೇ. ಬಸ್ ಸ್ಟ್ಯಾಂಡಿನ ಹತ್ತಿರ ಅವನದೊಂದು ಹೊಲಿಗೆ ಅಂಗಡಿ ಇತ್ತಂತೆ. ಜೊತೆಗೆ ತಂಗಿ. ನನ್ನದೇ ವಯಸ್ಸಿನವಳು, ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ, ಮಾತೂ ಬರುತ್ತಿರಲಿಲ್ಲ. ಅಣ್ಣನ ಜೊತೆ ಅವಳೂ ಹೊಲಿಯುತ್ತಾಳೆ ಎಂದು ಅವಳ ಬೆರಳ ತುದಿ ನೋಡಿದರೇ ಗೊತ್ತಾಗುತ್ತಿತ್ತು.

"ಮನಿ ಎಲ್ಲಿ ಬರ್ತದರಿ, ಮ್ಯಾಲಿನ ಓಣಿನೋ ಕೆಳಗಿನ ಓಣಿನೋ?" ಕೇಳಿದೆ.

"ಕೆಳಗಿಂದರಿ ಅಕ್ಕಾರ. ಬಾಳಿ ತ್ವಾಟದ ಕಡಿ."

"ಮಾಳಗಿ ಮ್ಯಾಲ ನಿಂತು ಕಲಬುರ್ಗಿ ಕಡಿ ನೋಡಿದ್ರ ಏನ್ ಕಾಣ್ತದ?"

"ದಿನ್ನಿ ಕಾಣ್ತದ್ರಿ. ಅದರಾಚಿ ಏನೂ ಕಾಣಂಗಿಲ್ಲ."

"ಹಂಗಾರ ಹಿಡಿಯಂಗಿಲ್ಲರಿ. ತೊಗೋಬ್ಯಾಡ್ರಿ."

ಅವನು ತಂಗಿಯ ಕಡೆ ತಿರುಗಿ ಅಂಗೈ ಮಗುಚಿ ತೋರಿಸಿದ. ಅವಳು ಒಪ್ಪಲಿಲ್ಲ. ಬಾಗಿ ಗಾಜಿನ ಕೆಳಗಿನ ನಕಾಶೆ ನೋಡಿದಳು. ಅಣ್ಣ ಕಮಲಾಪುರ ಎಲ್ಲಿ ಎಂದು ನನ್ನನ್ನು ಕೇಳಿ ಅವಳಿಗೆ ತೋರಿಸಿದ. ಅಲ್ಲಿ ಮೇಲಿನ ಓಣಿಯ ಹಸಿರು ಚುಕ್ಕೆಗೂ ಕೆಳಗಿನ ಓಣಿಯ ಕೆಂಪು ಚುಕ್ಕೆಗೂ ನಡುವೆ ಒಂದು ಉಗುರಿನಷ್ಟೂ ಅಂತರವಿರಲಿಲ್ಲ. ಅವಳು ಹಸಿರಿನ ಮೇಲೆ ಬೆರಳಿಟ್ಟು, ಕೆಂಪಿನ ಮೇಲೆ ಇಟ್ಟು, ನನ್ನ ಮುಖ ನೋಡಿದಳು. ನಾನು ಇಲ್ಲ ಎಂದು ತಲೆಯಾಡಿಸಿದೆ. ಹಿಂದೆ ಇನ್ನೂ ಮೂವರು ಗಿರಾಕಿಗಳು ನಿಂತಿದ್ದರು. ಅಣ್ಣ ತಂಗಿ ಇಬ್ಬರೂ ಹೊರಟುಹೋದರು.

ಒಂದೂವರೆ ತಿಂಗಳಾದ ಮೇಲೆ ಚಾಚಾ ಕಮಲಾಪುರದಲ್ಲಿ ಒಂದು ಅಂಟೆನಾ ಕಟ್ಟಿ ಬಂದರು. ಚಹಾ ಕುಡಿಯುತ್ತ ಕೂತಾಗ ಹೇಳಿದರು.

"ಬೇಟಿ, ಆ ದರ್ಜಿ ತಂಗಿ ಬಂದಿದ್ದಳಲ್ಲ, ನೆನಪದ ಏನು? ಅಕಿ ಹರ್ ಐತ್ವಾರ ಮ್ಯಾಲಿನ ಓಣ್ಯಾಗ ಒಬ್ಬ ಮಾಸ್ತರ ಮನಿ ಖಿಡಕಿ ಹೊರಗ ನಿಂದರತಿದ್ಲಂತ. ಮಧ್ಯಾಹ್ನ ಕೈಲೆ ಖಬರ್ ಹೇಳ್ತಾರ ನೋಡು, ಬಹಿರೇ ಲೋಗೋಂಕೋ, ಅದನ್ನ ನೋಡಾಕ."

ನನಗೆ ತಟ್ಟನೆ ತಿಳಿಯಿತು. ರವಿವಾರ ಊಟದ ಹೊತ್ತಿಗೆ ಕಿವಿ ಕೇಳದವರಿಗಾಗಿ ಕೈಸನ್ನೆಯಲ್ಲಿ ಸುದ್ದಿ ಬರುತ್ತಿತ್ತು. ನಮ್ಮ ಮನೆಯಲ್ಲಿ ಆ ಹೊತ್ತಿಗೆ ಎಲ್ಲರೂ ತಾಟಿನ ಮುಂದೆ ಕೂಡುತ್ತಿದ್ದೆವು, ಯಾರೂ ಅದರ ಕಡೆ ನೋಡುತ್ತಿರಲಿಲ್ಲ.

"ಈಗೇನಾತು?" ಎಂದೆ.

"ಮಾಸ್ತರದು ಬದಲಿ ಆತು. ಟಿ.ವಿ. ಕಟ್ಟಿಕೊಂಡು ರಾಯಚೂರಿಗೆ ಹೋದ್ರು. ಮನಿಗೆ ಕೀಲಿ. ಎರಡು ಐತ್ವಾರ ಆ ಕೀಲಿ ಹಾಕಿದ ಮನಿ ಮುಂದ ಹೋಗಿ ನಿಂತು ಬಂದಾಳಂತ."

ನನ್ನ ರಿಜಿಸ್ಟರಿನಲ್ಲಿ ಊರು, ಓಣಿ, ಎತ್ತರ, ಪೈಪು, ಚಿತ್ರ, ಧ್ವನಿ ಎಲ್ಲಕ್ಕೂ ಒಂದೊಂದು ಕಾಲಂ ಇತ್ತು. ಯಾಕೆ ಬೇಕು ಎಂದು ಮಾತ್ರ ನಾನು ಯಾರನ್ನೂ ಕೇಳಿರಲಿಲ್ಲ. ಕೇಳಿದ್ದರೂ ಉತ್ತರ ಬದಲಾಗುತ್ತಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ದಿನ್ನೆ ದಿನ್ನೆಯೇ. ಆದರೂ ಎರಡು ದಿನ ಮನಸ್ಸಿಗೆ ಸಮಾಧಾನವಾಗಲಿಲ್ಲ. ಮೂರನೆಯ ದಿನ ಚಾಚಾನಿಗೆ, "ಒಮ್ಮೆ ಹೋಗಿ ಕಣ್ಣಾರೆ ನೋಡೋಣು" ಎಂದೆ.

ಮುಂದಿನ ರವಿವಾರ ಬೆಳಿಗ್ಗೆ ಬಸ್ಸು ಹಿಡಿದೆವು. ತೊಡೆಯ ಮೇಲೆ ಹದಿನಾಲ್ಕು ಇಂಚಿನ ಕಪ್ಪು-ಬಿಳುಪು ಸೆಟ್ಟು, ಬಸ್ಸಿನ ಮೇಲೆ ಅಂಟೆನಾ ಮತ್ತು ಮೂರು ಪೈಪು. ಮನೆಯಲ್ಲಿ ಗೆಳತಿಯ ಊರಿಗೆ ಹೋಗುತ್ತೇನೆ ಎಂದಿದ್ದೆ. ನಾನು ಮೊದಲ ಸಲ ಮಾಳಿಗೆ ಹತ್ತಿ ಕೆಲಸ ಮಾಡಿದ್ದು ಅವತ್ತೇ. ಅದುವರೆಗೆ ಊರೂರಿನ ಭವಿಷ್ಯ ಹೇಳುತ್ತಿದ್ದವಳು ಒಂದು ಊರಿಗೂ ಹೋಗಿ ನೋಡಿರಲಿಲ್ಲ.

ದರ್ಜಿ ನಮ್ಮನ್ನು ಕಂಡು ಗಾಬರಿಯಾದ. ಏನೋ ತಪ್ಪಾಗಿದೆ ಎಂದುಕೊಂಡನೇನೋ. "ಸುಮ್ಮ ನೋಡಾಕ ಬಂದೇವಿ, ಹಿಡೀಲಿಲ್ಲಂದ್ರ ವಾಪಸ್ ಒಯ್ತೇವಿ," ಎಂದು ಚಾಚಾ ಸಮಾಧಾನ ಹೇಳಿದರು. ಮನೆಯೊಳಗಿಂದ ವಾಯರ್ ಎಳೆದು ಸೆಟ್ಟನ್ನು ಮಾಳಿಗೆಯ ಮೇಲೇ ಇಟ್ಟೆವು. ಬಿಸಿಲಿಗೆ ಪರದೆ ಕಾಣುವುದಿಲ್ಲವೆಂದು ತಂಗಿ ಒಂದು ಚಾದರ ತಂದು ನಾಲ್ಕು ಕೋಲಿಗೆ ಕಟ್ಟಿ ನೆರಳು ಮಾಡಿದಳು.

ಚಾಚಾ ಅಂಟೆನಾವನ್ನು ಕಲಬುರಗಿಯ ಕಡೆಗೆ ಮುಖ ಮಾಡಿ ಹಿಡಿದರು. ಒಂದು ಪೈಪಿಗೆ ಏನೂ ಇಲ್ಲ. ಎರಡಕ್ಕೆ ಧ್ವನಿ ಮಾತ್ರ ಗುಸುಗುಸು ಬಂತು. ಮೂರು ಪೈಪು ಏರಿಸಿದಾಗ ಮಳೆಯೊಳಗೆ ಯಾರೋ ನಿಂತ ಹಾಗೆ ಒಂದು ಆಕಾರ ಕಂಡಿತು, ಗಂಡಸೋ ಹೆಂಗಸೋ ಗೊತ್ತಾಗುವಂತಿರಲಿಲ್ಲ. ನಾನು ಹೇಳಿದ್ದು ನಿಜವಾಗಿತ್ತು. ಅದು ನಿಜವಾದದ್ದಕ್ಕೆ ಅವತ್ತು ನನಗೇನೂ ಸಂತೋಷವಾಗಲಿಲ್ಲ.

ಚಾಚಾ ಪೈಪು ಇಳಿಸಿ ಬೆವರು ಒರೆಸಿಕೊಳ್ಳಲು ಕೂತರು. ಆಗ ಅವಳು ಬಂದು ಒಂದು ಪೈಪಿನ ಸಮೇತ ಅಂಟೆನಾ ಎತ್ತಿಕೊಂಡಳು. ಮಾಳಿಗೆಯ ತುಂಬ ನಿಧಾನಕ್ಕೆ ತಿರುಗಾಡತೊಡಗಿದಳು. ಕಣ್ಣು ಪರದೆಯ ಮೇಲೆ. ನಮಗೆ ದಿಕ್ಕು ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ. ಅವಳು ಅಂಟೆನಾವನ್ನು ಹೊರಳಿಸಿ ಹೊರಳಿಸಿ ಕಲಬುರಗಿಗೆ ಪೂರಾ ಬೆನ್ನು ಮಾಡಿ ಹಿಡಿದಳು.

"ಅರೇ, ಉಲ್ಟಾ! ಉಲ್ಟಾ ಆತು! ಈ ಕಡಿ!" ಚಾಚಾ ಕೂತಲ್ಲಿಂದಲೇ ಕೂಗಿದರು. ಎರಡು ಸಲ ಕೂಗಿದ ಮೇಲೆ ಅವಳಿಗೆ ಕೇಳಿಸದು ಎಂಬುದು ನೆನಪಾಗಿ ಎದ್ದು ತಡೆಯಲು ಹೊರಟರು. ಅಷ್ಟರಲ್ಲಿ ನಾನು ಅವರ ತೋಳು ಹಿಡಿದೆ. ಪರದೆಯ ಮೇಲೆ ಮಳೆ ನಿಂತಿತ್ತು. ಒಬ್ಬ ಹೆಂಗಸು ಅಡುಗೆ ಮಾಡುವುದು ಕಾಣುತ್ತಿತ್ತು. ಅವಳ ಬಳೆ, ಅವಳ ಕೈಯ ಸೌಟು, ಎಲ್ಲ.

ಅಂಟೆನಾದ ಮುಖ ಇದ್ದ ಕಡೆ ನೋಡಿದೆ. ಬಾಳೆ ತೋಟಗಳ ಆಚೆ ಒಂದು ಗುಡ್ಡ. ಅದರ ಒಂದು ಮಗ್ಗುಲನ್ನು ಕಲ್ಲಿಗಾಗಿ ಕಡಿದು ಕಡಿದು ನೆಟ್ಟಗೆ ಗೋಡೆಯ ಹಾಗೆ ಮಾಡಿದ್ದರು. ನಮ್ಮ ತಲೆಯ ಮೇಲಿಂದ ಹಾಯ್ದು ಹೋದ ತರಂಗ ಆ ಕಲ್ಲಿನ ಖಣಿಗೆ ಬಡಿದು ಹಿಂದಕ್ಕೆ ಬರುತ್ತಿತ್ತು. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಕೌಂಟರಿನ ಹಿಂದೆ ಕೂತು ಹಸಿರು ಕೆಂಪು ಹಾಕುವಾಗ ಮಾತ್ರ ಟವರಿನಿಂದ ಮನೆಗೆ ನೇರ ಒಂದು ಗೆರೆ ಎಳೆದು ಮುಗಿಸುತ್ತಿದ್ದೆ.

ಚಾಚಾ ಅವಳ ತಲೆಯ ಮೇಲೆ ಕೈಯಿಟ್ಟು, "ಉಸ್ತಾದ್," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಬೇಟಿ, ನಿನ್ನ ನಕಾಶಾದಾಗ ಈ ಗುಡ್ಡ ಅದ ಏನು?" ಎಂದು ಕೇಳಿದರು. ಇತ್ತು. ನಾನೇ ನೋಡಿರಲಿಲ್ಲ.

ಚಿತ್ರ ಬಂದರೂ ಧ್ವನಿಯೊಳಗೆ ಗುಂಯ್ ಎಂಬ ಗದ್ದಲವಿತ್ತು. ಅದನ್ನು ಕಡಿಮೆ ಮಾಡಲು ನಾನು ಬಹಳ ಹೊತ್ತು ಹೆಣಗಿದೆ. ಕೊನೆಗೆ ದರ್ಜಿ ಸಂಕೋಚದಿಂದಲೇ ಹೇಳಿದ: "ಇರಲಿ ಬಿಡ್ರಿ ಅಕ್ಕಾರ. ಈ ಮನ್ಯಾಗ ಆವಾಜ ಯಾರಿಗೆ ಬೇಕಾಗ್ಯಾದ? ನಾ ಇಡೀ ದಿನ ಅಂಗಡ್ಯಾಗ ಇರ್ತೀನಿ."

ಊಟದ ಹೊತ್ತಿಗೆ ಸುದ್ದಿ ಶುರುವಾಯಿತು. ಅವಳು ಪರದೆಗೆ ಎರಡು ಮೊಳದ ದೂರದಲ್ಲಿ ಕೂತಳು. ಸುದ್ದಿ ಹೇಳುವವರ ಕೈ ಆಡಿದ ಹಾಗೆ ಇವಳ ಕೈ ತೊಡೆಯ ಮೇಲೆ ಸಣ್ಣಗೆ ಆಡುತ್ತಿತ್ತು. ಎಲ್ಲ ತಿಳಿಯುತ್ತದೆಯೇ ಎಂದು ನಾನು ಅಣ್ಣನನ್ನು ಕೇಳಿದೆ.

"ಎಲ್ಲಿಂದ ತಿಳೀತದ್ರಿ, ಸಾಲಿಗೇ ಹೋಗಿಲ್ಲ," ಎಂದ ಅವನು. "ಆದ್ರ ಮಗ್ಗಲಕ್ಕ ಫೋಟೋ ತೋರಸ್ತಾರಲ್ಲ, ನೀರು, ರೈಲು, ಆಸ್ಪತ್ರಿ ಅಂತ. ಅದನ್ನ ನೋಡಿ ಹೊಂದಸ್ಕೋತಾಳ. ಮೊದಲಿಗೆ ನಮ್ಮ ಮನ್ಯಾಗಿನ ಸನ್ನಿ ಅಷ್ಟ ಮಾಡ್ತಿದ್ಲು. ಈಗ ಬ್ಯಾರೆ ಬ್ಯಾರೆ ಮಾಡ್ತಾಳ. ನಾನ ಅಕೀ ಕಡಿಂದ ಕಲೀಬೇಕಾಗ್ಯಾದ." ತಂಗಿಯ ಕಡೆ ನೋಡಿ, "ಊರಾಗ ತಾನೊಬ್ಬಾಕಿನ ಹಿಂಗ ಅಂತ ತಿಳಿದಿದ್ಲರಿ. ಟಿ.ವಿ.ಯಾಗ ಕೈಲೆ ಮಾತಾಡೋರನ್ನ ನೋಡಿದ ದಿನ ಮನಿಗೆ ಬಂದು ನನ್ನ ಕೈ ಹಿಡಿದು ಎಳಕೊಂಡು ಹೋಗಿದ್ಲು, ನೋಡು ಅಂತ," ಎಂದ.

ಸೆಟ್ಟು ಅವತ್ತು ಅಲ್ಲೇ ಉಳಿಯಿತು. ಚಾಚಾ ಅಂಟೆನಾವನ್ನು ಖಣಿಯ ಕಡೆಗೇ ಬಿಗಿದು ಕಟ್ಟಿದರು. ಓಣಿಯ ಜನ ಬಂದು, ಎಲ್ಲರ ಅಂಟೆನಾ ಒಂದು ಕಡೆ, ಇದೊಂದು ಇನ್ನೊಂದು ಕಡೆ ಎಂದು ನಕ್ಕರು. ಚಿತ್ರ ನೋಡಿದ ಮೇಲೆ ನಗು ನಿಂತಿತು. ಆ ವರ್ಷ ಕೆಳಗಿನ ಓಣಿಯಿಂದ ಇನ್ನೂ ಐದಾರು ಮಂದಿ ನಮ್ಮ ಅಂಗಡಿಗೆ ಬಂದರು. ಚಾಚಾ ಪೈಪು ನಿಲ್ಲಿಸಿ ಕೆಳಗಿಳಿಯುತ್ತಿದ್ದರು, ಅಂಟೆನಾ ತಿರುವಲು ಅವಳನ್ನೇ ಕರೆಸುತ್ತಿದ್ದರು. ಮಳೆಗಾಲದಲ್ಲಿ ಗಾಳಿಗೆ ಯಾರ ಅಂಟೆನಾ ತಿರುಗಿದರೂ ಮಂದಿ ಅವಳ ಬಾಗಿಲಿಗೇ ಹೋಗುತ್ತಿದ್ದರಂತೆ. ಸೆರಗು ಸಿಕ್ಕಿಸಿ ಮಾಳಿಗೆ ಹತ್ತುವ ಹೆಣ್ಣುಮಗಳು ಎಂದು ಮೊದಲು ಮೂಗು ಮುರಿದ ಮನೆಯವರೂ ಕರೆದರು.

ನಾನು ರಿಜಿಸ್ಟರಿಗೆ ಎರಡು ಕಾಲಂ ಸೇರಿಸಿದೆ. ಒಂದು, ಸುತ್ತಮುತ್ತ ಗುಡ್ಡ, ಖಣಿ, ದೊಡ್ಡ ಗೋಡೆ ಏನಿದೆ ಎಂಬುದು. ಇನ್ನೊಂದು, ಮನೆಯಲ್ಲಿ ನೋಡುವವರು ಯಾರು ಎಂಬುದು. ಕೆಂಪು ಹಾಕಿ ಬಿಟ್ಟಿದ್ದ ಊರುಗಳಲ್ಲಿ ಸಿಕ್ಕಷ್ಟಕ್ಕೆ ಚಾಚಾನ ಜೊತೆ ಹೋಗಿ ಮತ್ತೆ ಪರೀಕ್ಷೆ ಮಾಡಿದೆ. ಹೆಚ್ಚಿನವು ಕೆಂಪಾಗಿಯೇ ಉಳಿದವು. ನಾಲ್ಕು ಊರು ಬದಲಾದವು. ಅಪ್ಪನಿಗೆ ನಿಜ ಹೇಳಿದೆ. ಅವರು, "ಮಾಳಗಿ ಹತ್ತೂವಾಗ ಚಪ್ಪಲ್ ತೆಗೆದು ಹತ್ತು," ಎಂದರು.

ತೊಂಬತ್ತರ ದಶಕದಲ್ಲಿ ಊರಿಗೆ ಕೇಬಲ್ ಬಂತು. ಕಲಬುರಗಿಯ ಮಾಳಿಗೆಗಳ ಮೇಲಿನ ಅಂಟೆನಾಗಳು ಒಂದೊಂದಾಗಿ ಬಟ್ಟೆ ಒಣಹಾಕುವ ಕೋಲುಗಳಾದವು. ಚಾಚಾ ಮೊಣಕಾಲು ಸೋತು ಮನೆಯಲ್ಲಿ ಕೂತರು. ನಾನು ಹಬ್ಬಕ್ಕೆ ಹೋದಾಗಲೆಲ್ಲ ಕಮಲಾಪುರದ ಸುದ್ದಿ ಕೇಳುತ್ತಿದ್ದರು. ಒಂದು ಚಳಿಗಾಲ ತೀರಿಕೊಂಡರು. ಮಾಲಕರ ಮಕ್ಕಳು ಅಂಗಡಿಯನ್ನು ಬಟ್ಟೆ ಅಂಗಡಿ ಮಾಡಿದರು. ನಾನು ಮದುವೆಯಾಗಿ ಜೇವರ್ಗಿ ಕಾಲೋನಿಯಲ್ಲೇ ಉಳಿದಿದ್ದೆ. ಮನೆಯ ಮುಂದಿನ ಕೋಣೆಯಲ್ಲಿ ದುರಸ್ತಿಯ ಸಣ್ಣ ಅಂಗಡಿ ಇಟ್ಟೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ಡಿಜಿಟಲ್ ಡಿಶ್ ಬಂತು. ಜನ ಮತ್ತೆ ಅದೇ ಪ್ರಶ್ನೆ ಹಿಡಿದುಕೊಂಡು ಬಂದರು, ನಮ್ಮ ಮನೆಗೆ ಹಿಡಿಯುತ್ತದೆಯೇ ಎಂದು. ಈ ಸಲ ಲೆಕ್ಕ ಬೇರೆ. ಟವರು ಎಲ್ಲಿದೆ, ಊರು ತಗ್ಗೋ ಏರೋ, ಯಾವುದೂ ಬೇಕಿರಲಿಲ್ಲ. ಆಗ್ನೇಯ ದಿಕ್ಕಿಗೆ ನಿಂತು ತಲೆ ಸಾಕಷ್ಟು ಮೇಲೆತ್ತಿ ನೋಡಬೇಕು. ಆಕಾಶ ಕಂಡರೆ ಬರುತ್ತದೆ. ಬೇವಿನ ಮರವೋ ಪಕ್ಕದ ಮನೆಯ ಮಹಡಿಯೋ ಅಡ್ಡ ಇದ್ದರೆ ಬರುವುದಿಲ್ಲ. ಹಳೆಯ ಕಾಲದ ಹಾಗೆ ಮಸುಕು ಮಸುಕಾಗಿ ಬರುವುದು ಇದರಲ್ಲಿಲ್ಲ. ಕನ್ನಡಿಯ ಹಾಗೆ ಬರುತ್ತಿರುತ್ತದೆ, ಸಿಗ್ನಲ್ ಸ್ವಲ್ಪ ಇಳಿದರೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಇನ್ನೂ ಇಳಿದರೆ ಪೂರಾ ಕಪ್ಪು. ಮೊದಲೇ ನೋಡಿ ಹೇಳುವವರು ಬೇಕಾಗುತ್ತಿದ್ದರು.

ಅಂಥದೊಂದು ದಿನ ಒಬ್ಬ ಗಂಡಸು ಬಂದು ಒಂದು ಚೀಟಿ ಕೊಟ್ಟ. ಕಾಲೋನಿಯ ಹಿಂದಿನ ಗಲ್ಲಿಯ ವಿಳಾಸ, ಕೆಳಗೆ "ಡಿಶ್ ನೋಡಲು ಬರ್ರಿ" ಎಂದು ದೊಡ್ಡ ಅಕ್ಷರದಲ್ಲಿ. ಅವನಿಗೆ ಕಿವಿ ಕೇಳುತ್ತಿರಲಿಲ್ಲ. ಹೋದರೆ ಬಾಗಿಲು ತೆರೆದವಳು ಅವಳೇ, ಕಮಲಾಪುರದ ದರ್ಜಿಯ ತಂಗಿ. ನಡುವೆ ಎಷ್ಟೋ ವರ್ಷ ನಾನು ಅವಳನ್ನು ಕಂಡಿರಲಿಲ್ಲ. ಕಲಬುರಗಿಯ ಹೊರಗಿನ ಕಪನೂರಿನ ಒಂದು ಸಿದ್ಧ ಉಡುಪಿನ ಕಾರ್ಖಾನೆಗೆ ಹೊಲಿಗೆ ಕೆಲಸಕ್ಕೆ ಬಂದಿದ್ದಳು, ಅಲ್ಲಿ ಅವಳ ಹಾಗಿನವರೇ ಏಳೆಂಟು ಜನ ಸಿಕ್ಕರು, ಅವರಲ್ಲೊಬ್ಬನನ್ನು ಮದುವೆಯಾದಳು. ಇದನ್ನೆಲ್ಲ ಹೇಳಿದ್ದು ಅವಳ ಒಂಬತ್ತು ವರ್ಷದ ಮಗಳು. ಮಗಳಿಗೆ ಕಿವಿ ಚೆನ್ನಾಗಿ ಕೇಳುತ್ತಿತ್ತು, ಅಮ್ಮನ ಕೈ ಆಡುವ ವೇಗಕ್ಕೆ ಸರಿಯಾಗಿ ಪಟಪಟ ಮಾತಾಡುತ್ತಿದ್ದಳು.

ಮಾಳಿಗೆಯಿಂದ ಆಗ್ನೇಯಕ್ಕೆ ಆಕಾಶ ಖುಲ್ಲಾ ಇತ್ತು. ಡಿಶ್ ಹಚ್ಚಿದೆ, ಒಂದೇ ಸಲಕ್ಕೆ ಹಿಡಿಯಿತು. ರವಿವಾರದ ಕೈಸನ್ನೆಯ ಸುದ್ದಿ ನೋಡುತ್ತಾಳೆಯೇ ಎಂದು ಮಗಳ ಕಡೆಯಿಂದ ಕೇಳಿಸಿದೆ. ಅವಳು ನಕ್ಕು ಕೈಯಾಡಿಸಿದಳು.

"ಇಲ್ಲಂತರಿ," ಎಂದಳು ಮಗಳು. "ರವಿವಾರ ಗಾರ್ಡನ್‌ದಾಗ ಇವರ ಮಂದಿ ಎಲ್ಲಾ ಕೂಡತಾರ. ಅಲ್ಲಿ ಸುದ್ದಿ ಭಾಳ ಇರ್ತದಂತ. ಇದು ನನಗ ಕಾರ್ಟೂನ್ ನೋಡಾಕ."

ಆದರೆ ಅವಳಿಗೆ ಬೇರೊಂದು ತೊಂದರೆ ಇತ್ತು. ಹಳೆಯ ಟಿ.ವಿ.ಯನ್ನು ಮಗಳು ಜೋರು ಇಟ್ಟು ನೋಡುತ್ತಾಳೆ, ಪಕ್ಕದ ಮನೆಯ ಅಜ್ಜಿ ಬಂದು ಬಾಗಿಲು ಬಡಿದು ಜಗಳಾಡುತ್ತಾಳೆ. ಅಜ್ಜಿ ಯಾವಾಗ ಬಡಿಯುತ್ತಾಳೋ ಇವರಿಗೆ ಗೊತ್ತಾಗುವುದಿಲ್ಲ. ಮಗಳು ಬೇಕೆಂದೇ ಹೇಳುವುದಿಲ್ಲ. ಈ ಮಾತನ್ನು ಮಗಳು ನನಗೆ ತಿಳಿಸಲೇ ಇಲ್ಲ. ತಾಯಿಯೇ ಕಾಗದದ ಮೇಲೆ, ಕಾರ್ಖಾನೆಗೆ ಸೇರಿದ ಮೇಲೆ ಕಲಿತ ಬಿಡಿ ಬಿಡಿ ಅಕ್ಷರದಲ್ಲಿ ಬರೆದು ತೋರಿಸಿದಳು.

ನಾನು ಡಿಶ್ಶಿನ ರಿಮೋಟ್ ಒತ್ತಿ, ಪರದೆಯ ಕೆಳಗೆ ಧ್ವನಿಯ ಅಂಕಿ ಮೂಡುವುದನ್ನು ತೋರಿಸಿದೆ. ಆಮೇಲೆ ಪಕ್ಕದ ಮನೆಗೆ ಹೋಗಿ ಅಜ್ಜಿಯ ಕೋಣೆಯಲ್ಲಿ ಅವರ ಹಾಸಿಗೆಯ ಮೇಲೆ ಕೂತೆ. ಕಿಟಕಿಯಿಂದ ಕಿಟಕಿಗೆ ತಾಯಿಯ ಮುಖ ಕಾಣುತ್ತಿತ್ತು. ಅವಳು ಒಂದೊಂದೇ ಅಂಕಿ ಏರಿಸುತ್ತ ಹೋದಳು. ಅಜ್ಜಿ ಹುಬ್ಬು ಗಂಟು ಹಾಕಿದ ಕೂಡಲೇ ನಾನು ಕೈ ಎತ್ತಿದೆ. ಹದಿನಾಲ್ಕು. ಅವಳು ಹದಿಮೂರನ್ನು ಸೀಸದಕಡ್ಡಿಯಲ್ಲಿ ಗೋಡೆಯ ಮೇಲೆ ಬರೆದು, ಮಗಳನ್ನು ಕರೆದು ಬೆರಳು ತೋರಿಸಿದಳು. ಮಗಳು ಮುಖ ಊದಿಸಿಕೊಂಡು ಒಪ್ಪಿದಳು. ಅಜ್ಜಿ ನನಗೆ ಚಹಾ ಮಾಡಿಕೊಟ್ಟರು.